ಹೆಸರಿಲ್ಲದ ಸಾಣೆ ಕಲ್ಲು: ಕ್ಷೌರದ ಕತ್ತಿಗೆ ಆಗುವುದು ಯಾವುದು, ಗುರುತಿಸುವುದು ಹೇಗೆ?

ಹಳೆ ಸಾಮಾನಿನ ಜೊತೆ ಒಂದು ಉದ್ದನೆಯ ಕಲ್ಲು ಸಿಗುತ್ತದೆ. ಮೈಯೆಲ್ಲ ಎಣ್ಣೆ ಜಿಡ್ಡು, ನಡುವೆ ಸವೆದು ಹಳ್ಳ ಬಿದ್ದಿದೆ. ಚೀಟಿ ಇಲ್ಲ, ಹೆಸರಿಲ್ಲ. ಇದು ಜರ್ಮನಿಯ ಹೆಸರಾಂತ ಎಷರ್ ಕಲ್ಲೇ ಇರಬಹುದಾ ಅಂತ ಆಸೆ ಹುಟ್ಟುವುದು ಸಹಜ, ಅಲ್ವಾ? ಚಿತ್ರ ತೆಗೆದು ನಾಲ್ಕು ಜನರಿಗೆ ತೋರಿಸಿದರೆ ನಾಲ್ಕು ಹೆಸರು ಬರುತ್ತವೆ. ಬಣ್ಣ ನೋಡಿ ಹೇಳುವ ಹೆಸರುಗಳೆಲ್ಲ ಹಾಗೇ.

ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಳ್ಳಬೇಕು. ಈ ಕಲ್ಲು ಯಾವ ಗಣಿಯದ್ದು ಅನ್ನುವುದು ಒಂದು. ಇದು ಕತ್ತಿಯ ಅಂಚಿಗೆ ಏನು ಮಾಡುತ್ತದೆ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಚೀಟಿ ಇಲ್ಲದೆ ಖಚಿತ ಉತ್ತರ ಸಿಗುವುದು ಅಪರೂಪ. ಯಾವ ಜಾತಿಯ ಕಲ್ಲು ಅಂತ ಮಾತ್ರ ಹೇಳಬಹುದು. ಎರಡನೆಯದಕ್ಕೆ ಮನೆಯಲ್ಲೇ, ಒಂದೇ ದಿನದಲ್ಲಿ ಉತ್ತರ ಸಿಗುತ್ತದೆ. ಗಡ್ಡ ಬೋಳಿಸಲು ಬೇಕಾಗಿರುವುದು ಎರಡನೆಯದೇ.

ತೊಳೆಯುವ ಮೊದಲು

ನೀರಿಗೆ ಹಾಕುವ ಮುಂಚೆ ಆರೂ ಮುಖಗಳನ್ನು ನೋಡಿ. ಚೀಟಿಯ ಹರಿದ ಚೂರು, ಗೋಂದಿನ ಕಲೆ, ಶಾಯಿಯ ಮುದ್ರೆ, ಮರದ ಪೆಟ್ಟಿಗೆಯ ಒಳಗಿನ ಬರಹ, ಏನಿದ್ದರೂ ಚಿತ್ರ ತೆಗೆದಿಡಿ. ಚೀಟಿಯ ಚೂರಿಗೆ ನೀರು ತಾಗಿಸಬೇಡಿ. ಮಾರುವ ದಿನ ಬಂದರೆ ಕಲ್ಲಿಗಿಂತ ಅದಕ್ಕೇ ಬೆಲೆ ಜಾಸ್ತಿ.

ಜಿಡ್ಡಿಗೆ ಬೆಚ್ಚನೆಯ ನೀರು, ಪಾತ್ರೆ ತೊಳೆಯುವ ಸೋಪು, ಹಳೆ ಹಲ್ಲುಜ್ಜುವ ಬ್ರಷ್ಷು ಸಾಕು. ಎಣ್ಣೆ ಒಳಗೆ ಇಳಿದಿದ್ದರೆ ಸೀಮೆಎಣ್ಣೆಯಲ್ಲಿ ನೆನೆಸಬಹುದು. ಆದರೆ ಎರಡು ಬಣ್ಣದ ಪದರ ಇರುವ ಕಲ್ಲನ್ನು ಯಾವುದರಲ್ಲೂ ಹೊತ್ತುಗಟ್ಟಲೆ ನೆನೆಸಬೇಡಿ. ಹಳೆ ಅಂಟು ಬಿಟ್ಟುಕೊಂಡೀತು. ಕುದಿಸುವುದು, ಒಲೆಯಲ್ಲಿ ಬಿಸಿ ಮಾಡುವುದು ಬೇಡವೇ ಬೇಡ. ಪದರದ ಕಲ್ಲು ಸೀಳಿಬಿಡುತ್ತದೆ.

ಹಳ್ಳ ಬಿದ್ದ ಮುಖವನ್ನು ಸಮ ಮಾಡಲು ದಪ್ಪ ಗಾಜಿನ ಮೇಲೆ ನೀರಿಗೆ ಆಗುವ ಉಪ್ಪುಕಾಗದ ಹಾಸಿ ಉಜ್ಜಿ, ಇಲ್ಲವೇ ಡೈಮಂಡ್ ಪ್ಲೇಟು (ವಜ್ರದ ಪುಡಿ ಕೂರಿಸಿದ ಲೋಹದ ತಟ್ಟೆ) ಬಳಸಿ. ನೀರು ಹರಿಯುತ್ತಲೇ ಇರಲಿ. ಈ ಕಲ್ಲುಗಳಲ್ಲಿ ಸಿಲಿಕಾ ಇರುತ್ತದೆ. ಅದರ ಒಣ ಧೂಳು ಉಸಿರಿನ ಜೊತೆ ಒಳಗೆ ಹೋದರೆ ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ರೋಗ ಬರುತ್ತದೆ. ಒಣಗಿರುವಾಗ ಉಜ್ಜಲೇಬೇಡಿ.

ಬಹಳ ಜನ ಉತ್ಸಾಹದಲ್ಲಿ ಆರೂ ಮುಖ ಉಜ್ಜಿ ಹೊಳೆಯಿಸಿಬಿಡುತ್ತಾರೆ. ಅಡಿಭಾಗ ಮತ್ತು ಒಂದು ಪಕ್ಕವನ್ನು ಹಾಗೇ ಬಿಡಿ. ಗರಗಸದ ಗೆರೆ, ಉಳಿಯ ಏಟು, ಗಣಿಯ ಕಂದು ಸಿಪ್ಪೆ, ಎಲ್ಲ ಉಳಿದಿರುವುದು ಅಲ್ಲೇ.

ಕೈಯಳತೆಯ ಪರೀಕ್ಷೆಗಳು

ಮೊದಲು ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಒಣ ಕಲ್ಲನ್ನು ತೂಗಿ. ಆಮೇಲೆ ನೀರಿನ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ಕಲ್ಲಿಗೆ ದಾರ ಕಟ್ಟಿ ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಈಗ ತಕ್ಕಡಿ ತೋರಿಸುವ ಗ್ರಾಮು, ಕಲ್ಲಿನ ಗಾತ್ರದ ಮಿಲಿಲೀಟರು. ಒಣ ತೂಕವನ್ನು ಅದರಿಂದ ಭಾಗಿಸಿ. 540 ಗ್ರಾಂ ಕಲ್ಲು 200 ತೋರಿಸಿದರೆ ಸಾಂದ್ರತೆ 2.7.

ಸ್ಲೇಟಿನ ಜಾತಿಯವು ಸಾಮಾನ್ಯವಾಗಿ 2.7, 2.8ರ ಸುತ್ತ ಬರುತ್ತವೆ. ಅಮೆರಿಕದ ಅರ್ಕಾನ್ಸಾಸ್ ಕಲ್ಲು ಬಹುಪಾಲು ಶುದ್ಧ ಸಿಲಿಕಾ. ಅದರಲ್ಲಿ ಮೆದು ಬಗೆಯದ್ದು 2.2ರ ಹತ್ತಿರ, ಬಿಗಿಯಾದ ಕಪ್ಪು ಮತ್ತು ಬೆಳಕು ಹಾಯುವ ಬಗೆಗಳು 2.5ರಿಂದ ಮೇಲೆ. ಸ್ಫಟಿಕ ಶಿಲೆಯ ಮಿತಿ 2.65. ಹಾಗಾಗಿ 2.8 ಬಂದರೆ ಅದು ಅರ್ಕಾನ್ಸಾಸ್ ಅಲ್ಲ, ಅಲ್ಲಿಗೆ ಮಾತು ಮುಗಿಯಿತು. ಬೆಲ್ಜಿಯಂನ ಕೊಟಿಕ್ಯೂಲ್ ಅನ್ನುವ ಹಳದಿ ಕಲ್ಲು ಸ್ಲೇಟಿಗಿಂತಲೂ ಭಾರ, ಯಾಕೆಂದರೆ ಅದರ ತುಂಬ ಗಾರ್ನೆಟ್ ಹರಳು, ಆ ಹರಳಿನ ಸಾಂದ್ರತೆ ಸುಮಾರು 4.2. ಎಣ್ಣೆ ಕುಡಿದ ಕಲ್ಲು, ಬೇರೆ ಕಲ್ಲು ಅಂಟಿಸಿದ ಕಲ್ಲು ಈ ಲೆಕ್ಕವನ್ನು ಕೆಡಿಸುತ್ತವೆ ಅನ್ನುವುದು ನೆನಪಿರಲಿ.

ಎರಡನೆಯದು ಮೊಳೆ. ಕಾಣದ ಜಾಗದಲ್ಲಿ ಉಕ್ಕಿನ ಮೊಳೆಯಿಂದ ಒಂದು ಗೀರು ಎಳೆಯಿರಿ. ಸ್ಲೇಟಾದರೆ ಪುಡಿ ಎದ್ದು ಗೀರು ಬೀಳುತ್ತದೆ. ಅರ್ಕಾನ್ಸಾಸ್ ಆದರೆ ಕಲ್ಲಿಗೆ ಏನೂ ಆಗುವುದಿಲ್ಲ, ಮೊಳೆಯೇ ಸವೆದು ಬೆಳ್ಳಿಯಂಥ ಗೆರೆ ಉಳಿಯುತ್ತದೆ. ಬೆರಳಾಡಿಸಿದರೆ ಕುಳಿ ಸಿಗದು.

ಮೂರನೆಯದು ಮೊಬೈಲ್ ಟಾರ್ಚು. ಕತ್ತಲಲ್ಲಿ ಕಲ್ಲಿನ ಮೂಲೆಗೆ ಒತ್ತಿ ಹಿಡಿಯಿರಿ. ಮೂಲೆ ಹೊಳೆದು ಬೆಳಕು ಒಳಗೆ ಹರಡಿದರೆ ಅರ್ಕಾನ್ಸಾಸ್ ಜಾತಿಯ ಕಲ್ಲಾಗಿರುವ ಸಾಧ್ಯತೆ ಹೆಚ್ಚು. ಸ್ಲೇಟಿನೊಳಗೆ ಬೆಳಕು ಹಾಗೆ ಹೋಗುವುದಿಲ್ಲ. ಅಡಿಭಾಗಕ್ಕೆ ಒಂದು ಹನಿ ವಿನಿಗರ್ ಬಿಟ್ಟು ನೋಡುವುದೂ ಉಂಟು. ನೊರೆ ಎದ್ದರೆ ಸುಣ್ಣಕಲ್ಲಿನ ಅಂಶ ಇದೆ ಅಂತ. ಕೆಳಗೆ ಹೇಳುವ ಪ್ರಸಿದ್ಧ ಕಲ್ಲುಗಳ ಪಟ್ಟಿಯಿಂದ ಅದನ್ನು ಸುಮ್ನೆ ಹೊರಗಿಡಬಹುದು.

ಇವೆಲ್ಲಕ್ಕಿಂತ ಹೆಚ್ಚು ಹೇಳುವುದು ರಾಡಿ, ಅಂದರೆ ಕಲ್ಲನ್ನು ಉಜ್ಜಿದಾಗ ಏಳುವ ಪುಡಿ ನೀರಿಗೆ ಸೇರಿ ಆಗುವ ಕೆಸರು. ಮೇಲೆ ನಾಲ್ಕು ಹನಿ ನೀರು ಹಾಕಿ ಡೈಮಂಡ್ ಪ್ಲೇಟಿನ ಮೂಲೆಯಿಂದ ಉಜ್ಜಿ. ಎಷ್ಟು ಬೇಗ ರಾಡಿ ಏಳುತ್ತದೆ, ಅದರ ಬಣ್ಣ ಏನು, ಬೆರಳ ನಡುವೆ ತಿಕ್ಕಿದರೆ ನುಣುಪೋ ತರಿಯೋ, ಇಷ್ಟು ಗಮನಿಸಿ. ಕಲ್ಲಿನ ಮೈಬಣ್ಣ ಮೋಸ ಮಾಡೀತು. ರಾಡಿಯ ಬಣ್ಣ ಅಷ್ಟು ಸುಲಭಕ್ಕೆ ಮಾಡುವುದಿಲ್ಲ.

ಗಣಿಯದ್ದೋ, ಕಾರ್ಖಾನೆಯದ್ದೋ?

ಕ್ಷೌರದಂಗಡಿಗಳಿಗೆಂದೇ ಮಾಡಿದ ಸಣ್ಣ ಕಲ್ಲುಗಳಲ್ಲಿ ಬಹಳಷ್ಟು ಕಾರ್ಖಾನೆಯವು. ಎಡ್ವರ್ಡ್ ಅಚೆಸನ್ 1891ರಲ್ಲಿ ಸಿಲಿಕಾನ್ ಕಾರ್ಬೈಡ್ ತಯಾರಿಸುವ ದಾರಿ ಕಂಡುಕೊಂಡ ಮೇಲೆ ಇಂಥವು ಪೆಟ್ಟಿಗೆಗಟ್ಟಲೆ ಬಂದವು. ಅಂಗೈಯಗಲದ ಗಾತ್ರ, ಎಲ್ಲ ಮೂಲೆಯೂ ಒಂದೇ ಸಮ, ಮೈಮೇಲೆ ಅಚ್ಚೊತ್ತಿದ ಹೆಸರು ಇದ್ದರೆ ಅನುಮಾನ ಬೇಡ. ಹೆಸರು ಸವೆದಿದ್ದರೆ ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ತೆಗೆದುಕೊಳ್ಳಿ. ಒಂದೇ ಗಾತ್ರದ ಹರಳುಗಳು, ನಡುವೆ ಚಿಕ್ಕ ತೂತುಗಳು, ಗೆರೆ ಪದರ ಯಾವುದೂ ಇಲ್ಲ ಅಂದರೆ ಅದು ಕಾರ್ಖಾನೆಯದ್ದೇ. ಹಾಗಂತ ಬಿಸಾಡಬೇಡಿ. ಹರಿತ ತುಸು ಇಳಿದ ಕತ್ತಿಯನ್ನು ಹತ್ತಾರು ಎಳೆತದಲ್ಲಿ ಮತ್ತೆ ದಾರಿಗೆ ತರುವುದಕ್ಕೆ ಒಳ್ಳೆಯ ಬಾರ್ಬರ್ ಕಲ್ಲು ಈಗಲೂ ಚೆನ್ನಾಗಿಯೇ ಇದೆ.

ಹಳದಿ ಮೇಲೆ, ಕಪ್ಪು ಕೆಳಗೆ

ಇದು ಗುರುತಿಸಲು ಅತಿ ಸುಲಭದ ಕಲ್ಲು. ಬೆಣ್ಣೆ ಬಣ್ಣದ ಮೇಲ್ಪದರ, ಅಡಿಯಲ್ಲಿ ಗಾಢ ಬಣ್ಣದ ಸ್ಲೇಟು ಇದ್ದರೆ ಬಹುಮಟ್ಟಿಗೆ ಅದು ಕೊಟಿಕ್ಯೂಲ್. ಬೆಲ್ಜಿಯಂನ ಆರ್ಡೆನ್ ಪ್ರದೇಶದಲ್ಲಿ, ವಿಯೆಲ್‌ಸಾಮ್ ಸುತ್ತಮುತ್ತ ಸಿಗುವಂಥದ್ದು. ಹಳದಿ ಪದರ ತೆಳು, ಮುರಿಯುವುದು ಬೇಗ. ಅದಕ್ಕೇ ಅಡಿಗೆ ಸ್ಲೇಟು ಅಂಟಿಸಿ ಮಾರುತ್ತಿದ್ದರು.

ಪಕ್ಕದಿಂದ ಸಂದಿನ ಗೆರೆಯನ್ನು ನೋಡಿ. ಅಂಟಿಸಿದ್ದಾದರೆ ಗೆರೆ ಅಳತೆಪಟ್ಟಿ ಇಟ್ಟು ಎಳೆದಂತೆ ನೇರ. ಭೂತಗನ್ನಡಿಯಲ್ಲಿ ಅಂಟಿನ ಸಣ್ಣ ಪಟ್ಟಿ, ಅಲ್ಲಲ್ಲಿ ಗುಳ್ಳೆ ಕಾಣುತ್ತವೆ. ಭೂಮಿಯಲ್ಲೇ ಕೂಡಿಕೊಂಡು ಬಂದದ್ದಾದರೆ ಗೆರೆ ಸ್ವಲ್ಪ ಅಲೆಯುತ್ತದೆ, ಹಳದಿಯೊಳಗೆ ನೇರಳೆಯ ಎಳೆ, ನೇರಳೆಯೊಳಗೆ ಹಳದಿಯ ಎಳೆ ನುಸುಳಿರುತ್ತದೆ, ಉಗುರಿಗೆ ಸಂದು ಸಿಗುವುದಿಲ್ಲ. ಹಾಗಿದ್ದರೆ ಕೆಳಗಿನ ನೇರಳೆ ಪದರ ಬೆಲ್ಜಿಯನ್ ನೀಲಿ ಕಲ್ಲು. ಹೆಸರಷ್ಟೇ ನೀಲಿ. ಅದನ್ನೂ ಬಳಸಬಹುದು.

ಗೊಂದಲ ಆಗುವುದು ಇಲ್ಲೇ. ಬಿಡಿಯಾಗಿ ಸಿಕ್ಕ ನೇರಳೆ ಕಲ್ಲು ಬೆಲ್ಜಿಯನ್ ನೀಲಿಯೋ, ಬರೀ ನೇರಳೆ ಸ್ಲೇಟೋ? ರಾಡಿ ಎಬ್ಬಿಸಿ. ನೀಲಿ ಕಲ್ಲಿನ ರಾಡಿ ತಿಳಿ ನೇರಳೆ. ಅದರ ಮೇಲೆ ಕತ್ತಿಯನ್ನೋ ಯಾವುದಾದರೂ ಹಳೆ ಚಾಕುವನ್ನೋ ಆಡಿಸಿದರೆ ಬೇಗ ಬೂದಾಗುತ್ತದೆ. ಅಂದರೆ ಗಾರ್ನೆಟ್ ಹರಳು ಉಕ್ಕನ್ನು ಕೀಳುತ್ತಿದೆ. ಬರೀ ಸ್ಲೇಟಾದರೆ ಎಷ್ಟು ಉಜ್ಜಿದರೂ ರಾಡಿಯ ಬಣ್ಣ ಅಷ್ಟಾಗಿ ಬದಲಾಗುವುದಿಲ್ಲ.

ಕೊಟಿಕ್ಯೂಲ್‌ನ ರಾಡಿ ಹಾಲಿನಂಥದ್ದು. ರಾಡಿ ಇದ್ದಾಗ ವೇಗವಾಗಿ ಕೊರೆಯುತ್ತದೆ. ಬರೀ ನೀರಿನಲ್ಲಿ ನಿಧಾನ, ನಯ. ಹಾಗಾಗಿ ರಾಡಿಯಲ್ಲಿ ಶುರು ಮಾಡಿ, ಹನಿ ಹನಿ ನೀರು ಸೇರಿಸಿ ತೆಳು ಮಾಡುತ್ತ, ಕೊನೆಗೆ ಶುದ್ಧ ನೀರಿನಲ್ಲಿ ಮುಗಿಸುವ ಪದ್ಧತಿ ಇದೆ. ಒಂದೇ ಕಲ್ಲಿನಲ್ಲಿ ಪೂರ್ತಿ ಕೆಲಸ ಮುಗಿಸಬೇಕು ಅನ್ನುವವರಿಗೆ ನನ್ನ ಮತ ಇದಕ್ಕೇ. ಆದರೆ ಒಂದು ಕೊಟಿಕ್ಯೂಲ್ ಇನ್ನೊಂದರಂತೆ ಇರುವುದಿಲ್ಲ.

ಬೂದು-ಹಸಿರು ಸ್ಲೇಟು

ಅತಿ ಹೆಚ್ಚು ಆಸೆ, ಅತಿ ಹೆಚ್ಚು ನಿರಾಸೆ ಎರಡೂ ಈ ಬಣ್ಣದಲ್ಲೇ. ಎಲ್ಲರೂ ಹುಡುಕುವುದು ಜರ್ಮನಿಯ ಥುರಿಂಗಿಯಾದ ಕಲ್ಲನ್ನು. ಸೋನ್ನೆಬರ್ಗ್‌ನ ಎಷರ್ ಸಂಸ್ಥೆ ಅದನ್ನು ಚೀಟಿ ಅಂಟಿಸಿ ಮಾರುತ್ತಿತ್ತು. ಹಳದಿ-ಹಸಿರು, ತಿಳಿ ಹಸಿರು, ನೀಲಿ-ಹಸಿರು, ಗಾಢ ನೀಲಿ ಅಂತ ಬಣ್ಣವನ್ನೂ ಚೀಟಿಯಲ್ಲಿ ನಮೂದಿಸುತ್ತಿದ್ದರು. ಜೊತೆಗೆ ರಾಡಿ ಎಬ್ಬಿಸಲು ಅದೇ ಕಲ್ಲಿನ ಸಣ್ಣ ತುಂಡು. ಆ ತುಂಡು ಪೆಟ್ಟಿಗೆಯಲ್ಲಿ ಸಿಕ್ಕರೆ ಸುಳಿವು ಗಟ್ಟಿ.

ಚೀಟಿ ಇಲ್ಲದಿದ್ದರೆ? ಮೈ ನೋಡಿ. ಥುರಿಂಗಿಯನ್ ಕಲ್ಲು ಉದ್ದ, ಕಿರಿದು. ಬಣ್ಣ ಒಂದೇ ಸಮ, ಚುಕ್ಕೆ ಗೆರೆ ಕಡಿಮೆ. ಮುಟ್ಟಿದರೆ ರೇಷ್ಮೆಯಂಥ ನುಣುಪು, ಆದರೆ ಕಲ್ಲು ಮೆದು. ರಾಡಿ ಎರಡು ಉಜ್ಜಿಗೇ ಏಳುತ್ತದೆ. ಕಲ್ಲು ಎಷ್ಟು ಕಪ್ಪಾಗಿ ಕಂಡರೂ ರಾಡಿ ಮಾತ್ರ ತಿಳಿ, ಬಿಳಿಗೆ ಹತ್ತಿರದ ಬೂದು. ಬೆರಳ ನಡುವೆ ತರಿ ಅನ್ನುವುದೇ ಇರುವುದಿಲ್ಲ.

ಈಗ ಇದರ ಹೋಲಿಕೆಯವು. ಚೀನಾದ ಗುವಾಂಗ್ಸಿ ಕಲ್ಲು, 12 ಸಾವಿರ ಗ್ರಿಟ್ (ಹರಳಿನ ನಯದ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ನಯ) ಅಂತ ಮಾರುತ್ತಾರಲ್ಲ ಅದು, ಬೂದು ಇಲ್ಲವೇ ನೇರಳೆ ಮಿಶ್ರ ಬೂದು. ಗಟ್ಟಿ, ರಾಡಿ ಏಳಲು ಹೊತ್ತು ಬೇಕು, ಕೊರೆಯುವುದೂ ನಿಧಾನ. ಅಂಚು ಮಾತ್ರ ಚೆನ್ನಾಗಿಯೇ ಬರುತ್ತದೆ. ಅಂದ ಹಾಗೆ, ಆ 12 ಸಾವಿರ ಅನ್ನುವುದಕ್ಕೆ ಹೆಚ್ಚು ಬೆಲೆ ಕೊಡಬೇಡಿ. ಗ್ರಿಟ್ ಸಂಖ್ಯೆ ಕಾರ್ಖಾನೆಯಲ್ಲಿ ಜರಡಿ ಹಿಡಿದ ಹರಳಿಗೆ ಸಲ್ಲುವ ಮಾತು. ಗಣಿಯ ಕಲ್ಲಿನಲ್ಲಿ ಹರಳಿನ ಗಾತ್ರದಷ್ಟೇ ಅದರ ಆಕಾರ, ಹಿಡಿತ, ಮೇಲಿನ ರಾಡಿ, ನಿಮ್ಮ ಕೈಯ ಒತ್ತಡ ಎಲ್ಲವೂ ಸೇರಿ ಅಂಚನ್ನು ತೀರ್ಮಾನಿಸುತ್ತವೆ. ಗಾರ್ನೆಟ್ ಹರಳು 5ರಿಂದ 20 ಮೈಕ್ರಾನ್ ಇದ್ದರೂ ಕೊಟಿಕ್ಯೂಲ್‌ನಲ್ಲಿ ನಯವಾದ ಅಂಚು ಬರುವುದು ಹೀಗೆ. ಆ ಹರಳು ಹನ್ನೆರಡು ಮುಖದ್ದು, ಚೂಪು ಮೊನೆಯಿಂದ ಆಳಕ್ಕೆ ಕೀರದೆ ಮೇಲೆ ಮೇಲೆ ಸವರುತ್ತದೆ.

ಸ್ಕಾಟ್ಲೆಂಡಿನ ಟ್ಯಾಮ್ ಓ ಶಾಂಟರ್ ಕಲ್ಲು ಕೂಡ ಬೂದು. ಆದರೆ ಮೈಮೇಲೆ ಹಾವಿನ ಚರ್ಮದ ಹಾಗೆ ಮಚ್ಚೆಗಳಿರುತ್ತವೆ, ಹಾಗಾಗಿ ಗುರುತು ಸುಲಭ. ಇನ್ನು ರಾಡಿಯೇ ಕಡು ಬೂದು ಬಂದರೆ, ಅಥವಾ ಬೆರಳಿಗೆ ತರಿ ಸಿಕ್ಕರೆ, ಅದು ಸಾಧಾರಣ ಸ್ಲೇಟು. ಇಂಥವು ಲೆಕ್ಕವಿಲ್ಲದಷ್ಟಿವೆ. ಛಾವಣಿಯ ಸ್ಲೇಟನ್ನೇ ಕತ್ತರಿಸಿ ಸಾಣೆ ಕಲ್ಲು ಮಾಡಿಕೊಂಡವರೂ ಇದ್ದಾರೆ. ಕೆಲವು ಅದ್ಭುತವಾಗಿ ಕೆಲಸ ಮಾಡುತ್ತವೆ. ಹೆಸರು ಮಾತ್ರ ಹುಡುಕಿ ಪ್ರಯೋಜನವಿಲ್ಲ.

ರಾಡಿ ಬಿಡದ ಗಟ್ಟಿ ಕಲ್ಲು

ಉಜ್ಜಿದರೂ ಉಜ್ಜಿದರೂ ನೀರು ತಿಳಿಯಾಗಿಯೇ ಇದೆಯಾ? ಮೊಳೆಯ ಗೀರು ಬೀಳುವುದಿಲ್ಲವಾ? ಸಾಂದ್ರತೆ 2.65ರ ಒಳಗಿದ್ದರೆ ಅರ್ಕಾನ್ಸಾಸ್ ಅಂತಲೇ ಹಿಡಿಯಿರಿ. ಅಮೆರಿಕದ ವಾಷಿಟಾ ಬೆಟ್ಟಸಾಲಿನದು. ಬಿಳಿ, ಬೂದು, ಕಪ್ಪು, ಜೇನಿನ ಬಣ್ಣ, ಎಲ್ಲವೂ ಉಂಟು. ಕ್ಷೌರದ ಕತ್ತಿಗೆ ಬೇಕಾದದ್ದು ಬೆಳಕು ಹಾಯುವಂಥದ್ದು ಇಲ್ಲವೇ ಬಿಗಿಯಾದ ಕಪ್ಪು. ನೀರಿನ ಹನಿಯನ್ನು ಹೀರಿಕೊಳ್ಳುವ ಹಗುರ ಬಗೆಯದ್ದು ಚಾಕುವಿಗಿರಲಿ. ಈ ಕಲ್ಲಿನಲ್ಲಿ ಮೇಲ್ಮೈಯೇ ಎಲ್ಲ. ಒರಟು ಡೈಮಂಡ್ ಪ್ಲೇಟಿನಲ್ಲಿ ಆಗಷ್ಟೇ ಉಜ್ಜಿದ ಮುಖ ಒರಟಾಗಿ ಕೊರೆಯುತ್ತದೆ. ಉಕ್ಕು ಆಡಿ ಆಡಿ ನುಣುಪಾದ ಮುಖ ಬಹಳ ನಯದ ಅಂಚು ಕೊಡುತ್ತದೆ. ತಾಳ್ಮೆ ಬೇಕು, ಐವತ್ತು ಎಳೆತಕ್ಕೆ ಬದಲಾವಣೆ ಕಾಣದಿದ್ದರೆ ಕಲ್ಲನ್ನು ಬೈಯಬೇಡಿ.

ಸಾಂದ್ರತೆ 2.65ಕ್ಕಿಂತ ಹೆಚ್ಚಿದ್ದು, ಬಣ್ಣ ಎಣ್ಣೆ ಹಸಿರಾಗಿದ್ದು, ನಡುನಡುವೆ ಕೆಂಪು-ಕಂದು ಎಳೆಗಳಿದ್ದರೆ ಇಂಗ್ಲೆಂಡಿನ ಲೆಸ್ಟರ್‌ಶೈರ್‌ನ ಚಾರ್ನ್‌ಲಿ ಫಾರೆಸ್ಟ್ ಕಲ್ಲು ನೆನಪಿಗೆ ಬರಬೇಕು. ಉತ್ತರ ವೇಲ್ಸಿನ ಲಿನ್ ಇಡ್ವಾಲ್ ಕಲ್ಲೂ ಹಸಿರು, ಗಟ್ಟಿ. ಅದರಲ್ಲಿ ಕೆಂಪು ಎಳೆಗಿಂತ ಮೋಡ ಕವಿದಂಥ ಮಚ್ಚೆ ಜಾಸ್ತಿ. ಎಳೆಯೂ ಇಲ್ಲ, ಮಚ್ಚೆಯೂ ಇಲ್ಲ ಅಂದರೆ ಎರಡರಲ್ಲಿ ಒಂದು ಅಂತ ಬರೆದಿಟ್ಟು ಮುಂದೆ ಹೋಗಿ. ಎರಡೂ ನಿಧಾನ, ಎರಡೂ ಕೊನೆಯ ಹಂತಕ್ಕೆ ಆಗುವಂಥವು. ಆಯ್ಕೆಗೆ ಅಷ್ಟು ಸಾಕು.

ಜಪಾನಿನವು

ಕ್ಯೋಟೊ ಸುತ್ತಲಿನ ನಕಯಾಮಾ, ಒಜುಕು ಮುಂತಾದ ಗಣಿಗಳ ಅವಾಸೆದೊ ಕಲ್ಲುಗಳನ್ನು (ಕೊನೆಯ ಹಂತದ ನಯದ ಕಲ್ಲುಗಳು) ಅಡಿಭಾಗ ನೋಡಿ ಗುರುತಿಸಬೇಕು. ಗರಗಸದ ನೇರ ಗೆರೆಯ ಬದಲು ಉಳಿಯ ಏಟು, ಕಂದು-ಕಿತ್ತಳೆ ಬಣ್ಣದ ಸಿಪ್ಪೆ, ಸರಿಯಾದ ಆಯತವಲ್ಲದ ಆಕಾರ, ಪದರ ಬಿಡದಿರಲಿ ಅಂತ ಪಕ್ಕಕ್ಕೆ ಬಳಿದ ಅರಗು. ಬಣ್ಣ ಹಳದಿ, ತಿಳಿ ಬೂದು-ಹಸಿರು, ಕೆಲವಕ್ಕೆ ಕಪ್ಪು ಮಚ್ಚೆ. ಗಣಿಯ ಹೆಸರಿನ ಶಾಯಿ ಮುದ್ರೆ ಇದ್ದರೆ ಸಂತೋಷ, ಆದರೆ ಅದನ್ನೊಂದೇ ನಂಬಿ ದುಡ್ಡು ಕೊಡಬೇಡಿ. ಮುದ್ರೆ ಯಾರು ಬೇಕಾದರೂ ಒತ್ತಬಹುದು. ಗಟ್ಟಿ ಬಗೆಯದ್ದು ಕತ್ತಿಗೆ ಚೆನ್ನ. ಮೆದು ಬಗೆಯದ್ದು ಮರಗೆಲಸದ ಉಳಿಗೆ.

ಕತ್ತಿ ಇಟ್ಟು ನೋಡಿ

ಇದು ಕೊನೆಯ ಪರೀಕ್ಷೆ, ಹೆಚ್ಚು ಬೆಲೆ ಕೊಡಬೇಕಾದ್ದೂ ಇದಕ್ಕೇ. ಒಳ್ಳೆಯ ಕತ್ತಿ ಬೇಡ, ಮಾಮೂಲಿ ಕತ್ತಿ ಇರಲಿ. ಅದನ್ನು ನಿಮಗೆ ಗೊತ್ತಿರುವ ಕಾರ್ಖಾನೆ ಕಲ್ಲಿನಲ್ಲಿ 8000 ಗ್ರಿಟ್‌ವರೆಗೆ ತನ್ನಿ. ಚರ್ಮದ ಪಟ್ಟಿಗೆ ಆಡಿಸಿ ಒಮ್ಮೆ ಗಡ್ಡ ಬೋಳಿಸಿ ನೋಡಿ. ಅದು ನಿಮ್ಮ ಅಳತೆಗೋಲು. ಆಮೇಲೆ ಗೊತ್ತಿಲ್ಲದ ಕಲ್ಲಿನ ಮೇಲೆ ಬರೀ ನೀರಿನಲ್ಲಿ, ಬೆನ್ನೂ ಅಂಚೂ ಎರಡೂ ತಾಗುವಂತೆ, ಕತ್ತಿಯ ತೂಕದಷ್ಟೇ ಒತ್ತಡದಲ್ಲಿ ಎಳೆಯಿರಿ. ಮತ್ತೆ ಅದೇ ಪಟ್ಟಿ, ಅಷ್ಟೇ ಸಲ. ಬೇರೆ ಏನನ್ನೂ ಬದಲಿಸಬೇಡಿ.

ಮೊದಲ ಎಳೆತಗಳಲ್ಲಿ ಕಿವಿ ಕೊಡಿ. ಒಂದೇ ಜಾಗದಲ್ಲಿ ಕರ್ ಅಂದರೆ ಅಲ್ಲೊಂದು ಗಟ್ಟಿ ಹರಳು ಸಿಕ್ಕಿಕೊಂಡಿದೆ. ಅಂಚಿನ ಪಕ್ಕದ ಪಟ್ಟಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಉಳಿದ ಗೀರುಗಳಿಗಿಂತ ಆಳವಾದ ಒಂಟಿ ಗೀರು ಕಾಣುತ್ತದೆ. ಅಂಥ ಹರಳನ್ನು ಸೂಜಿಯಿಂದ ಕೆದಕಿ ತೆಗೆಯಬಹುದು. ಎಲ್ಲೆಲ್ಲೂ ಇದ್ದರೆ ಆ ಕಲ್ಲು ಅಡುಗೆಮನೆ ಚಾಕುವಿಗೆ.

ಹೊಳಪಿಗೆ ಮರುಳಾಗಬೇಡಿ. ಕನ್ನಡಿಯಂತೆ ಹೊಳೆದರೆ ಮಾತ್ರ ನಯ ಅನ್ನುವುದು ತಪ್ಪು ಲೆಕ್ಕ. ಕೊಟಿಕ್ಯೂಲ್ ಮತ್ತು ಜಪಾನಿನ ಎಷ್ಟೋ ಕಲ್ಲುಗಳು ಮಂಜು ಕವಿದಂಥ ಮೇಲ್ಮೈ ಬಿಡುತ್ತವೆ, ಆದರೂ ಗಡ್ಡ ಮೃದುವಾಗಿ ಹೋಗುತ್ತದೆ. ತೀರ್ಪು ಕೊಡಬೇಕಾದ್ದು ಮುಖದ ಚರ್ಮ. ಮೊದಲಿಗಿಂತ ಉರಿ ಕಡಿಮೆಯಾಗಿ, ಕೂದಲು ಎಳೆಯದೆ ಹೋದರೆ ಅದು ಕೊನೆಯ ಹಂತದ ಕಲ್ಲು, ಹೆಸರು ಏನೇ ಇರಲಿ. ಮೊದಲಿಗಿಂತ ಒರಟಾದರೆ ರಾಡಿ ಎಬ್ಬಿಸಿ ಇನ್ನೊಮ್ಮೆ ನೋಡಿ. ನಡುವಿನ ಹಂತದ ಕೆಲಸಕ್ಕೆ ಆದೀತು. ಎರಡು ಮೂರು ಸಲ ನೋಡದೆ ಕಲ್ಲನ್ನು ತಳ್ಳಿಹಾಕುವುದು ಬೇಡ.

ಇಟ್ಟುಕೊಳ್ಳುವುದೋ, ಮಾರುವುದೋ?

ಕತ್ತಿಗೆ ಒಪ್ಪಿದರೆ ಇಟ್ಟುಕೊಳ್ಳಿ. ನನಗೆ ಕೇಳಿದರೆ, ಚೀಟಿ ಇಲ್ಲದ ಒಳ್ಳೆಯ ಸ್ಲೇಟನ್ನು ಮಾರಿ ಚೀಟಿ ಇರುವುದನ್ನು ಕೊಳ್ಳುವುದರಲ್ಲಿ ಅರ್ಥವಿಲ್ಲ. ಆ ದುಡ್ಡಿನ ದೊಡ್ಡ ಪಾಲು ಕಾಗದಕ್ಕೆ ಹೋಗುತ್ತದೆ. ಕೊಟಿಕ್ಯೂಲ್ ಸಿಕ್ಕಿ, ನಿಮಗೆ ರಾಡಿಯ ಆಟ ಬೇಡವಾಗಿದ್ದರೆ ಮಾರಿ. ಅದನ್ನು ಚೀಟಿ ಇಲ್ಲದೆಯೂ ಜನ ಗುರುತಿಸುತ್ತಾರೆ.

ಕೊಳ್ಳುವ ಜಾಗದಲ್ಲಿ ನಿಂತಾಗ ಇದೇ ಲೆಕ್ಕವನ್ನು ತಿರುಗಿಸಿ ಹಾಕಿ. ಚೀಟಿ ಇಲ್ಲದ ಕಲ್ಲಿಗೆ ಎಷರ್ ಬೆಲೆ ಹೇಳಿದರೆ ರಾಡಿಯ ಚಿತ್ರ, ಅಡಿಭಾಗದ ಚಿತ್ರ, ಸಾಂದ್ರತೆ ಮೂರನ್ನೂ ಕೇಳಿ. ಕೊಡಲು ಹಿಂಜರಿದರೆ ಸಾಮಾನ್ಯ ಸ್ಲೇಟಿನ ಬೆಲೆಗಿಂತ ಮೇಲೆ ಹೋಗಬೇಡಿ. ನೀವೇ ಮಾರುವಾಗಲೂ ಇರುವುದನ್ನಷ್ಟೇ ಬರೆಯಿರಿ: ಚೀಟಿ ಇಲ್ಲ, ಬೂದು-ಹಸಿರು ಸ್ಲೇಟು, ಸಾಂದ್ರತೆ ಇಷ್ಟು, ರಾಡಿ ತಿಳಿ ಬೂದು, ಬೇಗ ಏಳುತ್ತದೆ, 8000ದ ನಂತರ ಅಂಚು ಇನ್ನಷ್ಟು ಮೃದುವಾಗುತ್ತದೆ, ಒಂದು ಪಕ್ಕ ಉಜ್ಜದೆ ಬಿಟ್ಟಿದೆ. ಬಲ್ಲವರು ಇಷ್ಟನ್ನು ಓದಿಯೇ ಬೆಲೆ ಕಟ್ಟುತ್ತಾರೆ.